ರಬ್ಬಿ ಎಂದರೆ ಅರ್ಚಕರಲ್ಲ

ಧರ್ಮಗಳ ಇತಿಹಾಸ ಪಾಠ ಹೇಳುವುದರ ಜೊತೆಗೆ ಅನುವಾದದ ಕರಡು ತಿದ್ದುವುದೂ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳು ರೆಗಿನಾ ಯೋನಾಸ್ ಬಗ್ಗೆ ಲೇಖನವೊಂದು ಬಂತು. ಶೀರ್ಷಿಕೆ: ‘ಜಗತ್ತಿನ ಮೊದಲ ಯಹೂದಿ ಅರ್ಚಕಿ’. ‘ಅರ್ಚಕಿ’ಯನ್ನು ಹೊಡೆದು ‘ರಬ್ಬಿ’ ಎಂದು ಬರೆದೆ. ಅನುವಾದಕಿ ನನ್ನ ಹಳೆಯ ವಿದ್ಯಾರ್ಥಿನಿ; ಫೋನ್ ಮಾಡಿದಳು. “ಸರ್, ಓದುಗರಿಗೆ ಅರ್ಥವಾಗಬೇಕಲ್ಲ?”

ಅರ್ಥವಾಗುತ್ತದೆ, ತಪ್ಪಾಗಿ. ಇಪ್ಪತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ.

ಯಹೂದಿಗಳಲ್ಲಿ ಅರ್ಚಕರಿಗೆ ಹತ್ತಿರದವರು ಕೊಹೆನ್‌ಗಳು. ತಂದೆಯಿಂದ ಮಗನಿಗೆ ಬರುವ ಪದವಿ ಅದು. ಜೆರುಸಲೇಮಿನ ದೇವಾಲಯದಲ್ಲಿ ಬಲಿ ಅರ್ಪಿಸುತ್ತಿದ್ದವರು ಅವರು. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿದ ಮೇಲೆ ಆ ಕೆಲಸವೇ ನಿಂತಿತು. ಧರ್ಮಗ್ರಂಥ ತೋರಾ ಓದಲು ಮೊದಲ ಕರೆ ಮುಂತಾದ ಕೆಲವು ಮರ್ಯಾದೆಗಳು ಉಳಿದಿವೆ, ಅಷ್ಟೆ. ರಬ್ಬಿಯದು ಓದಿನಿಂದ ಬರುವ ಸ್ಥಾನ. ಕೋಳಿಯ ಹೊಟ್ಟೆ ಸೀಳಿದಾಗ ಸೂಜಿ ಸಿಕ್ಕಿತು, ತಿನ್ನಬಹುದೇ? ಮಾಂಸ ಬೇಯುವ ಪಾತ್ರೆಗೆ, ಅದರೊಂದಿಗೆ ಬೆರೆಯಕೂಡದ ಹಾಲು ತೊಟ್ಟಿಕ್ಕಿತು, ಪಾತ್ರೆ ಉಳಿಯಿತೇ? ಇಂಥದ್ದಕ್ಕೆ ಗ್ರಂಥ ನೋಡಿ ತೀರ್ಪು ಹೇಳುವವರು ರಬ್ಬಿ. ಪ್ರಾರ್ಥನೆಗೆ ಅವರೇ ಬೇಕೆಂದಿಲ್ಲ. ಸಾಂಪ್ರದಾಯಿಕರಲ್ಲಿ ಹದಿಮೂರು ದಾಟಿದ ಹತ್ತು ಗಂಡಸರು ಸೇರಿದರೆ ಅವರಲ್ಲೊಬ್ಬರು ನಡೆಸಿಕೊಡಬಹುದು.

ಕೊಂಕಣ ತೀರದ ಯಹೂದಿಗಳಾದ ಬೆನೆ ಇಸ್ರೇಲರು ತಲೆಮಾರುಗಟ್ಟಲೆ ರಬ್ಬಿಗಳಿಲ್ಲದೆಯೇ ಬಾಳಿದರು. ಮುಂಬಯಿಯಲ್ಲಿ 1796ರಲ್ಲಿ ಅವರ ಮೊದಲ ಸಿನಗಾಗ್ (ಪ್ರಾರ್ಥನಾಮಂದಿರ) ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೇನೆಯಲ್ಲಿದ್ದವನು. ಟಿಪ್ಪುವಿನ ಸೆರೆಯಿಂದ ಬದುಕಿ ಬಂದುದಕ್ಕೆ ಹರಕೆ ತೀರಿಸಿದನೆಂದು ಆ ಸಮುದಾಯದ ನೆನಪು.

‘ಅರ್ಚಕಿ’ ಎಂದ ಕೂಡಲೇ ನಮ್ಮ ಓದುಗರ ಕಣ್ಣಿಗೆ ಗರ್ಭಗುಡಿ ಬರುತ್ತದೆ, ಮಡಿ ಮೈಲಿಗೆ ಬರುತ್ತದೆ. ಯೋನಾಸ್ ಎತ್ತಿದ್ದು ಬೇರೆ ಪ್ರಶ್ನೆ. ಹೆಣ್ಣು ರಬ್ಬಿಯ ಸ್ಥಾನ ವಹಿಸಬಹುದೇ ಎಂಬುದನ್ನೇ 1930ರಲ್ಲಿ ಬರ್ಲಿನ್‌ನಲ್ಲಿ ಪ್ರಬಂಧದ ವಿಷಯ ಮಾಡಿಕೊಂಡು, ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುಡ್‌ನಿಂದಲೇ ಆಧಾರ ತೆಗೆದು, ಬಹುದು ಎಂದು ವಾದಿಸಿದಳು. 1935ರಲ್ಲಿ ಮಾಕ್ಸ್ ಡೀನೆಮಾನ್ ಎಂಬ ರಬ್ಬಿ ಅವಳಿಗೆ ದೀಕ್ಷೆ ಕೊಟ್ಟರು. ನಾಜಿಗಳ ತೆರೆಜಿನ್ ಸೆರೆಶಿಬಿರದಲ್ಲೂ ಉಪನ್ಯಾಸ ಕೊಡುತ್ತಿದ್ದಳು; ಅವುಗಳ ಕೈಬರಹದ ಪಟ್ಟಿ ಉಳಿದಿದೆ, ಅವಳು ಉಳಿಯಲಿಲ್ಲ. 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಎಷ್ಟು ಮರೆತಿದ್ದರೆಂದರೆ, 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ ಮೊದಲಿಗಳೆಂದು ಪತ್ರಿಕೆಗಳು ಬರೆದವು.

ಸುಧಾರಣಾವಾದಿಗಳಲ್ಲಿ ಈಗ ಇದು ಸುದ್ದಿಯೇ ಅಲ್ಲ. ಜಗಳವಿರುವುದು ಆರ್ಥೊಡಾಕ್ಸ್, ಅಂದರೆ ಸಾಂಪ್ರದಾಯಿಕರ, ಮನೆಯಲ್ಲಿ. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಸಾರಾ ಹರ್ವಿಟ್ಸ್‌ಗೆ ‘ಮಹರತ್’ ಎಂಬ ಹೊಸ ಬಿರುದು ಕೊಟ್ಟಾಗ ಸಣ್ಣ ಗೊಣಗಾಟ. ಮರುವರ್ಷ ಅದು ‘ರಬ್ಬಾ’ (ರಬ್ಬಿಯ ಸ್ತ್ರೀರೂಪ) ಆದಾಗ ದೊಡ್ಡ ರಂಪ. ಇತ್ತ ಜೆರುಸಲೇಮಿನ ನಿಶ್ಮತ್ ಸಂಸ್ಥೆ ಮುಟ್ಟು, ದಾಂಪತ್ಯದ ಶುದ್ಧಿ ನಿಯಮಗಳ ಪ್ರಶ್ನೆಗಳಿಗೆ ಉತ್ತರಿಸಲು ಹೆಂಗಸರನ್ನೇ ತರಬೇತುಗೊಳಿಸುತ್ತದೆ. ಅವರನ್ನು ರಬ್ಬಿ ಎನ್ನುವುದಿಲ್ಲ. ಕೆಲಸ ಕೊಟ್ಟು ಹೆಸರು ಕೊಡದಿರುವುದು ನನಗೆ ಸರಿಕಾಣುವುದಿಲ್ಲ. ಆದರೆ ಹಾಗೆ ಒಪ್ಪಿಕೊಂಡ ಹೆಂಗಸರಿಗೆ ಅವರದೇ ಲೆಕ್ಕಾಚಾರ ಇರಬಹುದು, ನಾನು ಹೊರಗಿನವನು.

“ಹಾಗಾದರೆ ‘ಗುರು’ ಎನ್ನಲೇ ಸರ್?”

“ಮೂಲಪದದ ಅರ್ಥವೂ ‘ನನ್ನ ಗುರು’ ಎಂದೇ. ಆದರೂ ‘ರಬ್ಬಿ’ ಎಂದೇ ಇಟ್ಟು, ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಮ್ಮ.”

ಕೊಟ್ಟಿದ್ದಳು, ಚೆನ್ನಾಗಿಯೇ. ಲೇಖನ ಅಚ್ಚಾಗಿ ಬಂದಾಗ ಶೀರ್ಷಿಕೆ ಸರಿಯಿತ್ತು. ಚಿತ್ರದ ಕೆಳಗೆ ಯಾರೋ ಬರೆದಿದ್ದರು: ‘ಅರ್ಚಕಿ ರೆಗಿನಾ’.