ಸಿಗ್ನಲ್ಲಲ್ಲಿ ನಿಂತ ತಕ್ಷಣ ಕಾರಿನ ಎಸಿ ಯಾಕೆ ಬೆಚ್ಚಗಿನ ಗಾಳಿ ಬಿಡತ್ತೆ?

ಓದುಗರ ಪ್ರಶ್ನೆ: ಗಾಡಿ ಓಡ್ತಾ ಇದ್ದಾಗ ಎಸಿ ಚೆನ್ನಾಗಿ ತಂಪು ಕೊಡತ್ತೆ. ಆದ್ರೆ ಸಿಗ್ನಲ್ಲಲ್ಲಿ ನಿಂತ್ರೆ ಅಥವಾ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಸ್ವಲ್ಪ ಹೊತ್ತಿಗೇ ಗಾಳಿ ಬೆಚ್ಚಗಾಗಿಬಿಡತ್ತೆ, ಮತ್ತೆ ಹೊರಟ್ರೆ ಸರಿಹೋಗತ್ತೆ. ಗ್ಯಾಸ್ ಕಮ್ಮಿ ಇರಬೇಕು ಅಂತ ತುಂಬಿಸಿದ್ದೂ ಆಯ್ತು, ಏನೂ ವ್ಯತ್ಯಾಸ ಇಲ್ಲ. ಇದು ಮಾಮೂಲಿನಾ, ಇಲ್ಲ ಏನಾದ್ರೂ ಕೆಟ್ಟಿದ್ಯಾ?

ಉತ್ತರ: ನಿಂತಾಗ ತಂಪು ಒಂಚೂರು ಕಮ್ಮಿ ಆಗೋದು ಮಾಮೂಲಿ, ಅದರಲ್ಲೂ ಮಧ್ಯಾಹ್ನದ ಬಿಸಿಲಲ್ಲಿ. ಆದ್ರೆ ಬೆಚ್ಚಗಿನ ಗಾಳಿನೇ ಬರೋದಕ್ಕೆ ಶುರುವಾದ್ರೆ ಅದು ಮಾಮೂಲಿ ಅಲ್ಲ. ಅಂಥ ಟೈಮಲ್ಲಿ ಮೊದಲು ನೋಡಬೇಕಾದ್ದು ಕಾರಿನ ಮುಂಭಾಗದಲ್ಲಿರೋ ಫ್ಯಾನು ಮತ್ತು ಕಂಡೆನ್ಸರನ್ನ (ಎಸಿಯ ಶಾಖನ ಹೊರಗೆ ಬಿಡೋ ಭಾಗ). ಗ್ಯಾಸಿನ ವಿಷಯ ಆಮೇಲೆ. ಇದು ಉಲ್ಟಾ ಆಗ್ತಿರೋದ್ರಿಂದಾನೇ ಎಷ್ಟೋ ಜನ ದುಡ್ಡು ಕಳ್ಕೊಂಡು ಕೊನೆಗೂ ಸೆಕೆಯಲ್ಲೇ ಓಡಾಡ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಎಸಿ ಕೆಲಸ ಅಂದ್ರೆ ಒಳಗಿನ ಶಾಖನ ಹೊತ್ಕೊಂಡು ಹೋಗಿ ಹೊರಗೆ ಬಿಸಾಕೋದು. ಹೊತ್ಕೊಂಡು ಹೋಗೋದು ಗ್ಯಾಸು. ಹೆಚ್ಚಿನ ಕಾರುಗಳಲ್ಲಿ ಇರೋದು ಆರ್-134ಎ, ಹೊಸ ಕಾರುಗಳಲ್ಲಿ ಆರ್-1234ವೈಎಫ್. ಆರ್-134ಎ ಮಾಮೂಲಿ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯೋ ಪದಾರ್ಥ. ಡ್ಯಾಶ್‌ಬೋರ್ಡ್ ಹಿಂದೆ ಕೂಲಿಂಗ್ ಕಾಯಿಲ್ ಅಂತ ಇರತ್ತಲ್ಲ, ಅದರೊಳಗೆ ಈ ಗ್ಯಾಸು ಕಡಿಮೆ ಒತ್ತಡದಲ್ಲಿ ಕುದಿಯತ್ತೆ, ಕುದಿಯೋಕೆ ಬೇಕಾದ ಶಾಖನ ಕಾರಿನೊಳಗಿನ ಗಾಳಿಯಿಂದ ಎಳ್ಕೊಳತ್ತೆ, ಆ ತಂಪಾದ ಗಾಳಿ ನಮ್ಮ ಮುಖಕ್ಕೆ ಬರತ್ತೆ. ಆಮೇಲೆ ಕಂಪ್ರೆಸರ್ ಅದನ್ನ ಒತ್ತಿ ಬಿಸಿ ಮಾಡಿ ಮುಂದಿರೋ ಕಂಡೆನ್ಸರಿಗೆ ತಳ್ಳತ್ತೆ, ಅಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟು ಮತ್ತೆ ದ್ರವ ಆಗಿ ವಾಪಸ್ ಬರತ್ತೆ. ಇಷ್ಟೇ ಸುತ್ತು.

ಈ ಸುತ್ತಲ್ಲಿ ಎರಡು ಕಡೆ ಕಾರಿನ ವೇಗದ ಸಹಾಯ ಬೇಕು. ಒಂದು ಕಂಪ್ರೆಸರ್. ಪೆಟ್ರೋಲ್, ಡೀಸೆಲ್ ಕಾರಲ್ಲಿ ಅದನ್ನ ತಿರುಗಿಸೋದು ಇಂಜಿನ್ನಿಗೆ ಹಾಕಿರೋ ಬೆಲ್ಟು, ಇಂಜಿನ್ ಎಷ್ಟು ಜೋರಾಗಿ ತಿರುಗತ್ತೋ ಅದೂ ಅಷ್ಟು ಜೋರು. ಐಡಲಲ್ಲಿ, ಅಂದ್ರೆ ಗಾಡಿ ನಿಂತು ಇಂಜಿನ್ ಮಾತ್ರ ಆನ್ ಇದ್ದಾಗ, ಅದು ಸುಮಾರು 700ರಿಂದ 900 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇರತ್ತೆ, ಓಡುವಾಗ 2000 ಅಥವಾ ಅದಕ್ಕೂ ಮೇಲೆ, ಹಾಗಾಗಿ ನಿಂತಾಗ ಕಂಪ್ರೆಸರ್ ತಳ್ಳೋ ಗ್ಯಾಸು ಅರ್ಧಕ್ಕಿಂತ ಕಮ್ಮಿ ಆದ್ರೂ ಆಶ್ಚರ್ಯ ಇಲ್ಲ. ಎಸಿ ಆನ್ ಮಾಡಿದ ತಕ್ಷಣ ಇಂಜಿನ್ ಶಬ್ದ ಒಂದು ಸಣ್ಣ ಮಟ್ಟಕ್ಕೆ ಏರೋದನ್ನ ನೀವು ಗಮನಿಸಿರಬಹುದು, ಈ ಹೆಚ್ಚುವರಿ ಭಾರ ಹೊತ್ಕೊಳ್ಳೋಕೆ ಕಾರೇ ಐಡಲ್ ಏರಿಸ್ಕೊಳತ್ತೆ.

ಇನ್ನೊಂದು ಕಂಡೆನ್ಸರ್, ಮುಕ್ಕಾಲು ಪಾಲು ಕಥೆ ಇರೋದು ಇಲ್ಲೇ. ಅದು ರೇಡಿಯೇಟರಿನ ಮುಂದೆ, ಗ್ರಿಲ್ ಹಿಂದೆ ಕೂತಿರತ್ತೆ. ಕಾರು ಓಡ್ತಿದ್ರೆ ಗಾಳಿ ತಾನಾಗೇ ಅದರ ಮೂಲಕ ನುಗ್ಗತ್ತೆ, ಫ್ಯಾನ್ ಸತ್ತು ಹೋಗಿದ್ರೂ ನಿಮಗೆ ಗೊತ್ತೇ ಆಗಲ್ಲ. ನಿಂತಾಗ ಮಾತ್ರ ಪೂರ್ತಿ ಜವಾಬ್ದಾರಿ ಫ್ಯಾನಿನ ಮೇಲೆ ಬೀಳತ್ತೆ. ಅದು ತಿರುಗದಿದ್ರೆ, ನಿಧಾನ ಆಗಿದ್ರೆ, ಅಥವಾ ಕಂಡೆನ್ಸರಿನ ಸಣ್ಣ ಸಣ್ಣ ರೆಕ್ಕೆಗಳ ಮಧ್ಯೆ ಧೂಳು, ಹುಳ, ಒಣಗಿದ ಎಲೆ ಎಲ್ಲ ತುಂಬ್ಕೊಂಡಿದ್ರೆ ಶಾಖಕ್ಕೆ ಹೊರಗೆ ಹೋಗೋ ದಾರಿ ಇಲ್ಲ. ಜೊತೆಗೆ ಟ್ರಾಫಿಕ್ಕಲ್ಲಿ ಕಾದ ರಸ್ತೆಯ ಬಿಸಿ, ಮುಂದಿನ ಗಾಡಿಯ ಹೊಗೆ, ನಮ್ಮ ಬಾನೆಟ್ ಒಳಗಿನ ಬಿಸಿ ಗಾಳಿ ಸುತ್ತಿ ಮತ್ತೆ ಮುಂದಕ್ಕೇ ಬರೋದು, ಇದೂ ಸೇರ್ಕೊಳತ್ತೆ. ಗ್ಯಾಸಿನ ಒತ್ತಡ ಏರ್ತಾ ಏರ್ತಾ ಒಂದು ಹಂತ ದಾಟಿದ್ರೆ ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನೇ ಬಂದ್ ಮಾಡ್ಬಿಡತ್ತೆ. ಆಗ ಬ್ಲೋವರ್ ಮಾತ್ರ ಊದ್ತಾ ಇರತ್ತೆ, ನಮಗೆ ಬೆಚ್ಚಗಿನ ಗಾಳಿ.

ಹೊಸ ಕಾರಾಗಿದ್ರೆ ಇನ್ನೊಂದು ಸಾಧ್ಯತೆ ಇದೆ, ಇದು ರಿಪೇರಿನೇ ಅಲ್ಲ. ಸಿಗ್ನಲ್ಲಲ್ಲಿ ತಾನಾಗೇ ಇಂಜಿನ್ ಆಫ್ ಆಗೋ ಸ್ಟಾರ್ಟ್-ಸ್ಟಾಪ್ ಇದ್ರೆ, ಬೆಲ್ಟಿಂದ ಓಡೋ ಕಂಪ್ರೆಸರೂ ಅದರ ಜೊತೆ ನಿಲ್ಲತ್ತೆ. ಕಾಯಿಲ್‌ನಲ್ಲಿ ಉಳಿದಿರೋ ತಂಪು ಮುಗಿಯೋ ತನಕ ಗಾಳಿ ತಣ್ಣಗಿರತ್ತೆ, ಆಮೇಲೆ ಇಲ್ಲ. ಆ ಬಟನ್ ಒತ್ತಿ ಅದನ್ನ ಆಫ್ ಮಾಡಿ ಒಂದು ದಿನ ಓಡಿಸಿ ನೋಡಿ. ಇಕೋ ಮೋಡಲ್ಲೂ ಎಷ್ಟೋ ಕಾರುಗಳು ಎಸಿನ ಬೇಕಂತಲೇ ಸ್ವಲ್ಪ ಹಿಡಿದು ಓಡಿಸ್ತವೆ, ಅದನ್ನೂ ಚೆಕ್ ಮಾಡಿ.

ಈಗ ನೀವೇ ಮಾಡಬಹುದಾದ ಪರೀಕ್ಷೆ. ಗಾಡಿನ ಬಯಲಲ್ಲಿ ನಿಲ್ಲಿಸಿ (ಮುಚ್ಚಿದ ಗ್ಯಾರೇಜಲ್ಲಿ ಖಂಡಿತ ಬೇಡ), ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್, ಆಟೊಮ್ಯಾಟಿಕ್ ಆದ್ರೆ ಪಾರ್ಕ್, ಎಸಿ ಫುಲ್. ಬಾನೆಟ್ ಎತ್ತಿ ಫ್ಯಾನ್ ನೋಡಿ, ಕೈ ಮಾತ್ರ ಹತ್ತಿರ ತಗೊಂಡು ಹೋಗ್ಬೇಡಿ, ಅದು ಹೇಳದೆ ಕೇಳದೆ ತಿರುಗೋಕೆ ಶುರುವಾಗತ್ತೆ. ಸುಮಾರು ಕಾರುಗಳಲ್ಲಿ ಎಸಿ ಆನ್ ಆದ ತಕ್ಷಣ ಫ್ಯಾನ್ ತಿರುಗತ್ತೆ, ಕೆಲವದ್ರಲ್ಲಿ ಒತ್ತಡ ಏರಿದ ಮೇಲೆ. ಐದು ನಿಮಿಷ ಆದ್ರೂ ತಿರುಗದೆ ಒಳಗೆ ಗಾಳಿ ಬೆಚ್ಚಗಾಗ್ತಿದ್ರೆ ಕಳ್ಳ ಸಿಕ್ಕಿದ ಹಾಗೆ: ಫ್ಯೂಸ್, ರಿಲೇ, ಇಲ್ಲ ಮೋಟರ್. ಫ್ಯಾನ್ ಸರಿಯಾಗಿ ತಿರುಗ್ತಿದ್ರೆ, ಯಾರನ್ನಾದ್ರೂ ಒಳಗೆ ಕೂರಿಸಿ ಆಕ್ಸಿಲರೇಟರ್ ಒತ್ತಿ 1500 ಆರ್‌ಪಿಎಂಗೆ ಹಿಡಿಯೋಕೆ ಹೇಳಿ. ತಂಪು ತಕ್ಷಣ ವಾಪಸ್ ಬಂದ್ರೆ ಕಂಪ್ರೆಸರ್ ಸೋತಿರಬಹುದು ಅಥವಾ ಗ್ಯಾಸ್ ನಿಜವಾಗ್ಲೂ ಕಮ್ಮಿ ಇರಬಹುದು. ಆಕ್ಸಿಲರೇಟರ್ ಒತ್ತಿದ್ರೂ ತಂಪು ಬರಲ್ಲ, ಆದ್ರೆ ಗ್ರಿಲ್ ಮೂಲಕ ಕಂಡೆನ್ಸರಿಗೆ ಸ್ವಲ್ಪ ನೀರು ಚಿಮುಕಿಸಿದ್ರೆ ಬರತ್ತೆ ಅಂದ್ರೆ ತೊಂದ್ರೆ ಇರೋದು ಶಾಖ ಹೊರಗೆ ಹೋಗೋ ಕಡೆ, ಕಂಡೆನ್ಸರ್ ತೊಳೆಸಿ. ತೊಳೆಯುವಾಗ ಪ್ರೆಷರ್ ಗನ್ ಹತ್ತಿರ ಹಿಡಿದ್ರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿನೂ ಮುಚ್ಚಿಹೋಗತ್ತೆ, ಸಾದಾ ಪೈಪ್ ನೀರು ಸಾಕು.

ಗ್ಯಾಸ್ ವಿಷಯಕ್ಕೆ ಬರೋಣ. ಇದು ಪೆಟ್ರೋಲ್ ಥರ ಉಪಯೋಗಿಸಿದ ಹಾಗೆ ಖರ್ಚಾಗೋ ವಸ್ತು ಅಲ್ಲ, ಮುಚ್ಚಿದ ಪೈಪೊಳಗೆ ಅದೇ ಗ್ಯಾಸು ಸುತ್ತುತ್ತೆ. ವರ್ಷಗಳಲ್ಲಿ ರಬ್ಬರ್ ಹೋಸ್, ಸೀಲ್ ಮೂಲಕ ಸ್ವಲ್ಪ ಹೋಗತ್ತೆ ನಿಜ, ಆದ್ರೆ ಪ್ರತಿ ಬೇಸಿಗೆಗೂ ತುಂಬಿಸಬೇಕು ಅಂದ್ರೆ ಎಲ್ಲೋ ಲೀಕ್ ಇದೆ, ಅದನ್ನ ಹುಡುಕದೆ ತುಂಬಿಸೋದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಇನ್ನೂ ಮುಖ್ಯವಾದ್ದು, ಗ್ಯಾಸು ಜಾಸ್ತಿ ಆದ್ರೂ ನಿಂತಾಗ ತಂಪು ಹೋಗತ್ತೆ, ಯಾಕಂದ್ರೆ ಒತ್ತಡ ಮೊದಲೇ ಮೇಲಿರತ್ತೆ. ನಿಮ್ಮ ಕೇಸಲ್ಲಿ ತುಂಬಿಸಿದ ಮೇಲೂ ಹಾಗೇ ಇದೆ ಅಂದಿದ್ದೀರಿ, ಹಾಗಾಗಿ ಇದನ್ನ ಒತ್ತಿ ಹೇಳ್ತಿದ್ದೀನಿ. ಎಷ್ಟು ಗ್ರಾಂ ಹಾಕ್ಬೇಕು ಅಂತ ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಲ್ಲೇ ಇರತ್ತೆ. ಹಳೇದನ್ನ ಪೂರ್ತಿ ತೆಗೆದು, ವ್ಯಾಕ್ಯೂಮ್ ಮಾಡಿ, ಲೀಕ್ ಇದ್ಯಾ ನೋಡಿ, ತೂಕ ಮಾಡಿ ಹಾಕೋ ಕಡೆಗೇ ಹೋಗಿ. ಅಂದಾಜಲ್ಲಿ 'ಸ್ವಲ್ಪ ಟಾಪ್ ಅಪ್ ಮಾಡ್ತೀನಿ' ಅಂದ್ರೆ ಬೇಡ ಅಂತ ಹೇಳಿ.

ಇದಕ್ಕೆ ಪೂರ್ತಿ ಉಲ್ಟಾ ಲಕ್ಷಣನೂ ಕೆಲವರು ಹೇಳ್ತಾರೆ: ಊರೊಳಗೆ ಸರಿ ಇರತ್ತೆ, ಹೈವೇಲಿ ಒಂದೆರಡು ಗಂಟೆ ಓಡಿಸಿದ ಮೇಲೆ ಗಾಳಿನೇ ಕಮ್ಮಿ ಬರತ್ತೆ. ಅದು ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿರೋದು. ಕಾಯಿಲ್ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮೇಲೇ ಇರೋ ಹಾಗೆ ಒಂದು ಸೆನ್ಸರ್ ನೋಡ್ಕೊಳತ್ತೆ, ಅದು ಕೆಟ್ಟಿದ್ರೆ ಅಥವಾ ಕ್ಯಾಬಿನ್ ಫಿಲ್ಟರ್ ಧೂಳಿಂದ ಕಟ್ಟಿಹೋಗಿದ್ರೆ ಹೀಗಾಗತ್ತೆ. ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಬಿಡಿ, ಕರಗಿ ಗಾಳಿ ವಾಪಸ್ ಬರತ್ತೆ. ಆಮೇಲೆ ಫಿಲ್ಟರ್ ಬದಲಾಯಿಸಿ. ಕಾರಿನ ಕೆಳಗೆ ನೀರು ತೊಟ್ಟಿಕ್ಕೋದಕ್ಕೆ ಹೆದರಬೇಡಿ, ಅದು ಗಾಳಿಯ ತೇವ ಕಾಯಿಲಿಗೆ ತಾಗಿ ನೀರಾಗಿರೋದು ಅಷ್ಟೆ.

ರಿಪೇರಿ ಆಗೋ ತನಕ ಏನ್ ಮಾಡ್ಬಹುದು ಅಂದ್ರೆ, ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲು ಗ್ಲಾಸ್ ಎಲ್ಲ ಇಳಿಸಿ ಒಂದೆರಡು ನಿಮಿಷ ಓಡಿಸಿ, ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟೋ ಬಿಸಿ ಇರತ್ತೆ, ಅದನ್ನ ತಂಪು ಮಾಡೋದಕ್ಕಿಂತ ಹೊರಗೆ ಹಾಕೋದು ಸುಲಭ. ಆಮೇಲೆ ಗ್ಲಾಸ್ ಏರಿಸಿ ರಿಸರ್ಕ್ಯುಲೇಷನ್ ಹಾಕಿ, ಆಗ ಎಸಿ ಆಗಲೇ ತಂಪಾಗಿರೋ ಗಾಳಿನೇ ಮತ್ತೆ ತಂಪು ಮಾಡತ್ತೆ. ಆದ್ರೆ ತುಂಬಾ ಹೊತ್ತು ಅದರಲ್ಲೇ ಬಿಡ್ಬೇಡಿ, ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರ್ಕೊಂಡು ತೂಕಡಿಕೆ ಬರತ್ತೆ, ಓಡಿಸೋರಿಗೆ ಇದು ಒಳ್ಳೇದಲ್ಲ, ಆಗಾಗ ಹೊರಗಿನ ಗಾಳಿ ಬಿಡಿ. ನಿಂತಾಗ ಟೆಂಪರೇಚರ್ ಮುಳ್ಳು ಏರ್ತಾ ಇದ್ರೆ ಎಸಿ ತಕ್ಷಣ ಆಫ್ ಮಾಡಿ, ಯಾಕಂದ್ರೆ ರೇಡಿಯೇಟರಿಗೂ ಅದೇ ಫ್ಯಾನ್. ಆಗ ಸೆಕೆ ಆದ್ರೂ ಹೀಟರ್ ಫುಲ್ ಹಾಕಿದ್ರೆ ಇಂಜಿನ್ನಿನ ಶಾಖ ಸ್ವಲ್ಪ ಆ ಕಡೆಯಿಂದ ಹೊರಗೆ ಹೋಗತ್ತೆ, ಜಾಗ ಸಿಕ್ಕಿದ ಕಡೆ ನಿಲ್ಲಿಸಿ.

ಹೀಟರ್ ಅಂದ ಮೇಲೆ ಇದನ್ನೂ ಹೇಳ್ಬಿಡ್ತೀನಿ, ಚಳಿಗಾಲದಲ್ಲಿ ಇದೇ ಪ್ರಶ್ನೆ ಉಲ್ಟಾ ಬರತ್ತೆ: ಓಡುವಾಗ ಹೀಟರ್ ಬಿಸಿ, ನಿಂತ್ರೆ ತಣ್ಣಗೆ. ಹೀಟರಿಗೆ ಬೇರೆ ಇಂಧನ ಬೇಡ, ಇಂಜಿನ್ ಬಿಸಿ ಮಾಡಿರೋ ಕೂಲಂಟೇ, ಅಂದ್ರೆ ಸುಮಾರು 90 ಡಿಗ್ರಿಯ ನೀರು, ಡ್ಯಾಶ್‌ಬೋರ್ಡ್ ಹಿಂದಿನ ಒಂದು ಪುಟ್ಟ ರೇಡಿಯೇಟರಿಗೆ ಬರತ್ತೆ. ಆ ನೀರನ್ನ ತಳ್ಳೋ ಪಂಪ್ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಜೊತೆಗೇ ತಿರುಗತ್ತೆ. ಕೂಲಂಟ್ ಕಮ್ಮಿ ಆಗಿದ್ರೆ ಅಥವಾ ಒಳಗೆ ಗಾಳಿ ಸೇರಿದ್ರೆ ಐಡಲಲ್ಲಿ ಅಲ್ಲಿಗೆ ನೀರು ತಲುಪಲ್ಲ. ಎಸಿ ತಂಪು ಹೋದ್ರೆ ಬೆವರು ಸುರಿಯತ್ತೆ ಅಷ್ಟೆ, ಕೂಲಂಟ್ ಕಮ್ಮಿ ಆದ್ರೆ ಇಂಜಿನ್ನೇ ಹೋಗಬಹುದು, ಅದಕ್ಕೆ ಈ ಲಕ್ಷಣ ಕಂಡ ದಿನಾನೇ ಇಂಜಿನ್ ತಣ್ಣಗಾದ ಮೇಲೆ ಕೂಲಂಟ್ ಟ್ಯಾಂಕಿನ ಮಟ್ಟ ನೋಡಿ. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ, ಒತ್ತಡದಲ್ಲಿರೋ ನೀರು ಮುಖಕ್ಕೇ ಹಾರತ್ತೆ.