ಒಡೆದ ಮೇಲಿನ ಮಿಲಿಸೆಕೆಂಡುಗಳು

ನೆಲಕ್ಕೆ ಬಿದ್ದು ಸಿಡಿಯುತ್ತಿರುವ ಗಾಜಿನ ಲೋಟದ ಚಿತ್ರವನ್ನು ಕಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದಕ್ಕೆ ಎಷ್ಟು ಲಕ್ಷದ ಕ್ಯಾಮೆರಾ ಬೇಕು ಎಂದು. ಈ ಕೆಲಸದಲ್ಲಿ ಕ್ಯಾಮೆರಾದ ಪಾಲು ತೀರ ಚಿಕ್ಕದು. ಕತ್ತಲೆ ಕೋಣೆಯಲ್ಲಿ ಅದರ ಶಟರನ್ನು ಎರಡು ಸೆಕೆಂಡು ತೆರೆದಿಟ್ಟು, ವಸ್ತು ಒಡೆಯುವ ಹೊತ್ತಿಗೆ ಸರಿಯಾಗಿ ಫ್ಲ್ಯಾಶ್ ಒಮ್ಮೆ ಮಿಂಚುವಂತೆ ಮಾಡಿದರೆ, ಆ ಮಿಂಚಿನ ಅವಧಿಯಲ್ಲಿ ಕಂಡದ್ದಷ್ಟೇ ಚಿತ್ರದಲ್ಲಿ ಮೂಡುತ್ತದೆ. ಉಳಿದ ಹೊತ್ತೆಲ್ಲ ಶಟರು ಕತ್ತಲೆಯನ್ನೇ ನೋಡುತ್ತಿರುತ್ತದೆ. ಹಾಗಾಗಿ ಟ್ರೈಪಾಡಿನ ಮೇಲೆ ನಿಲ್ಲುವ, ಶಟರನ್ನು ಕೈಯಾರೆ ತೆರೆದಿಡಲು ಬರುವ ಯಾವ ಹಳೆಯ ಕ್ಯಾಮೆರಾ ಆದರೂ ನಡೆಯುತ್ತದೆ.

ಈ ಉಪಾಯಕ್ಕೆ ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ ವಯಸ್ಸಾಗಿದೆ. 1851ರಲ್ಲಿ ಛಾಯಾಗ್ರಹಣದ ಆದ್ಯರಲ್ಲಿ ಒಬ್ಬರಾದ ಹೆನ್ರಿ ಫಾಕ್ಸ್ ಟಾಲ್ಬಟ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವೇಗವಾಗಿ ತಿರುಗುತ್ತಿದ್ದ ಚಕ್ರಕ್ಕೆ ಪತ್ರಿಕೆಯೊಂದರ ತುಣುಕನ್ನು ಅಂಟಿಸಿ, ವಿದ್ಯುತ್ ಕಿಡಿಯ ಬೆಳಕಿನಲ್ಲಿ ಅದರ ಚಿತ್ರ ತೆಗೆದಿದ್ದರು. 1880ರ ದಶಕದಲ್ಲಿ ಭೌತವಿಜ್ಞಾನಿಗಳಾದ ಅರ್ನ್‌ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಖರ್ ಅಂಥದೇ ಕಿಡಿಯಿಂದ, ಹಾರುವ ಗುಂಡಿನ ಮುಂದೆ ಗಾಳಿಯಲ್ಲಿ ಏಳುವ ಆಘಾತ ತರಂಗವನ್ನು ಸೆರೆಹಿಡಿದರು. 1930ರ ದಶಕದಿಂದ ಮುಂದೆ ಅಮೆರಿಕದ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಫ್ಲ್ಯಾಶ್ ನಳಿಗೆಗಳನ್ನು ಪಳಗಿಸಿ, ಹಾಲಿನ ಹನಿಯ ಕಿರೀಟ, ಗುಂಡು ತೂರಿದ ಸೇಬು ಮುಂತಾದ ಚಿತ್ರಗಳಿಂದ ಈ ವಿದ್ಯೆಯನ್ನು ಪ್ರಯೋಗಾಲಯದ ಆಚೆಗೂ ತಂದರು. ಮದುವೆ ಮನೆಯ ಛಾಯಾಗ್ರಾಹಕರ ಕೈಯಲ್ಲಿರುವ ಫ್ಲ್ಯಾಶ್ ಅದೇ ವಂಶದ್ದು.

ಆ ಫ್ಲ್ಯಾಶನ್ನು ಪೂರ್ಣ ಶಕ್ತಿಯಲ್ಲಿ ಬೆಳಗಿಸಿದರೆ ಅದರ ಮಿಂಚು ಸರಿಸುಮಾರು 1/1000 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದ ಲೋಟ ನೆಲ ಮುಟ್ಟುವಾಗ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿರುತ್ತದೆ. ಅದೇ ವೇಗದಲ್ಲಿ ಹಾರುವ ಚೂರು ಅಷ್ಟರಲ್ಲಿ ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಸರಿದು, ಚಿತ್ರದಲ್ಲಿ ಮಸುಕಾದ ಗೆರೆಯಾಗುತ್ತದೆ. ಶಕ್ತಿಯನ್ನು 1/64 ಅಥವಾ 1/128ಕ್ಕೆ ಇಳಿಸಿದಾಗ ಒಳಗಿನ ವಿದ್ಯುನ್ಮಂಡಲ ವಿದ್ಯುತ್ತನ್ನು ನಡುವೆಯೇ ಕಡಿದುಹಾಕುವುದರಿಂದ ಮಿಂಚಿನ ಅವಧಿ 1/20,000 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಮತ್ತು ಅದೇ ಚೂರು ಈಗ ಮಿಲಿಮೀಟರಿನ ಕಾಲುಭಾಗವೂ ಅಲುಗುವುದಿಲ್ಲ. ಬೆಳಕು ಕಡಿಮೆಯಾಯಿತೆಂದು ಶಕ್ತಿಯನ್ನು ಏರಿಸಿದರೆ ಇಡೀ ಶ್ರಮ ನೀರುಪಾಲು. ಅದರ ಬದಲು ಫ್ಲ್ಯಾಶನ್ನು ವಸ್ತುವಿನ ಹತ್ತಿರಕ್ಕೆ ತರಬೇಕು, ಇಲ್ಲವೇ ಕಡಿಮೆ ಶಕ್ತಿಯ ಎರಡು ಫ್ಲ್ಯಾಶ್‌ಗಳನ್ನು ಒಟ್ಟಿಗೆ ಬೆಳಗಿಸಬೇಕು. ಮೊಬೈಲಿನ ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ಅದರ ಸ್ಲೋ ಮೋಷನ್ ಸೌಲಭ್ಯವೂ ಸೆಕೆಂಡಿಗೆ 240 ಚಿತ್ರಗಳಾದರೆ ಎರಡು ಚಿತ್ರಗಳ ನಡುವೆ ನಾಲ್ಕು ಮಿಲಿಸೆಕೆಂಡು ಬಿಟ್ಟುಬಿಡುತ್ತದೆ; ನೋಡಲು ಸೊಗಸಾಗಿದ್ದರೂ ಒಡೆಯುವಿಕೆಯ ಮುಖ್ಯ ಭಾಗವೆಲ್ಲ ಆ ಬಿಡುವಿನಲ್ಲಿ ಜಾರಿಹೋಗುತ್ತದೆ.

ಮುಂಬಯಿಯಲ್ಲಿ ಇದನ್ನು ಮಾಡಹೊರಟವರಿಗೆ ಮೊದಲ ತೊಡಕು ಕತ್ತಲೆಯದು. ಮಾಟುಂಗವಿರಲಿ, ಡೊಂಬಿವಲಿಯಿರಲಿ, ರಾತ್ರಿ ಹನ್ನೆರಡಕ್ಕೂ ಬೀದಿದೀಪ ಮತ್ತು ಎದುರು ಕಟ್ಟಡದ ಬೆಳಕು ಕಿಟಕಿಯಿಂದ ಒಳಗೆ ಬೀಳುತ್ತಲೇ ಇರುತ್ತದೆ. ಪೂರ್ತಿ ಕತ್ತಲೆಗಾಗಿ ಹಟ ಹಿಡಿಯಬೇಕಾಗಿಲ್ಲ. ಕಿಟಕಿಗೆ ಕಪ್ಪು ಕಾಗದ ಹಚ್ಚಿ, ಲೆನ್ಸಿನ ಎಫ್/8 ರಂಧ್ರದಲ್ಲಿ ಫ್ಲ್ಯಾಶ್ ಇಲ್ಲದೆ ಎರಡು ಸೆಕೆಂಡಿನ ಒಂದು ಚಿತ್ರ ತೆಗೆದು ನೋಡಿದಾಗ ಅದು ಕಪ್ಪಾಗಿಯೇ ಬಂದರೆ ಅಷ್ಟು ಸಾಕು.

ಎರಡನೆಯ ತೊಡಕು ಸಮಯದ್ದು, ಮತ್ತು ಈ ಕೆಲಸದ ನಿಜವಾದ ಸೊಗಸು ಇರುವುದೂ ಇಲ್ಲಿಯೇ. ಕೈಯಿಂದ ಗುಂಡಿ ಒತ್ತಿ ಮಿಲಿಸೆಕೆಂಡನ್ನು ಹಿಡಿಯುವುದು ಸಾಧ್ಯವಿಲ್ಲ. ಕ್ಯಾಮೆರಾಕ್ಕೇ ಸಂಕೇತ ಕೊಟ್ಟರೂ ಅದರ ಶಟರು ತೆರೆಯಲು ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ. ಆದುದರಿಂದ ಶಟರನ್ನು ಮೊದಲೇ ತೆರೆದಿಟ್ಟು, ಒಡೆಯುವ ಸದ್ದಿನಿಂದಲೇ ಫ್ಲ್ಯಾಶ್ ಬೆಳಗುವಂತೆ ಮಾಡುವುದು ರೂಢಿ. ಒಂದು ಚಿಕ್ಕ ಮೈಕ್ ಅಥವಾ ಅದುರಿದಾಗ ವಿದ್ಯುತ್ ಹುಟ್ಟಿಸುವ ಪೀಜೊ ಬಿಲ್ಲೆ, ಸಂಕೇತವನ್ನು ಹಿಗ್ಗಿಸಲು ಒಂದೆರಡು ಟ್ರಾನ್ಸಿಸ್ಟರು, ಫ್ಲ್ಯಾಶಿನ ಎರಡು ತಂತಿಗಳನ್ನು ಸ್ವಿಚ್ಚಿನಂತೆ ಕೂಡಿಸಲು ಒಂದು ಥೈರಿಸ್ಟರ್, ಒಂದು ಬ್ಯಾಟರಿ ಇಷ್ಟಿದ್ದರೆ ಆಯಿತು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಲ್ಯಾಮಿಂಗ್ಟನ್ ರೋಡಿನ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ಇವು ಸಿಗುತ್ತವೆ. ಥೈರಿಸ್ಟರ್ ಕೊಳ್ಳುವಾಗ ಅದು 400 ವೋಲ್ಟ್ ತಾಳುವಂಥದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಕೆಲವು ಹಳೆಯ ಫ್ಲ್ಯಾಶ್‌ಗಳ ತಂತಿಯ ತುದಿಯಲ್ಲಿ 200 ವೋಲ್ಟಿಗೂ ಮಿಕ್ಕಿದ ವಿದ್ಯುತ್ತಿರುತ್ತದೆ. ಅಂಥ ಫ್ಲ್ಯಾಶನ್ನು ಇಂದಿನ ಕ್ಯಾಮೆರಾಕ್ಕೆ ಸಿಗಿಸಿದರೆ ಕ್ಯಾಮೆರಾ ಸುಟ್ಟುಹೋಗಬಹುದು. ನಮ್ಮ ಏರ್ಪಾಟಿನಲ್ಲಿ ಇವೆರಡಕ್ಕೂ ಸಂಪರ್ಕವೇ ಇಲ್ಲದಿರುವುದರಿಂದ ಆ ಭಯವಿಲ್ಲ. ಫ್ಲ್ಯಾಶಿನ ಒಡಲನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಒಳಗಿನ ಕೆಪಾಸಿಟರು ಬ್ಯಾಟರಿ ತೆಗೆದ ಮೇಲೂ ಮಾರಕವಾಗಬಲ್ಲ ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಮೈಕನ್ನು ವಸ್ತುವಿನಿಂದ 34 ಸೆಂಟಿಮೀಟರ್ ದೂರ ಇಟ್ಟರೆ ಒಡೆದ ಒಂದು ಮಿಲಿಸೆಕೆಂಡಿಗೆ, ಒಂದು ಮೀಟರ್ ದೂರ ಇಟ್ಟರೆ ಸುಮಾರು ಮೂರು ಮಿಲಿಸೆಕೆಂಡಿಗೆ ಫ್ಲ್ಯಾಶ್ ಬೆಳಗುತ್ತದೆ. ವಿಳಂಬವನ್ನು ಹೊಂದಿಸಲು ಬೇರೆ ಯಂತ್ರವೇ ಬೇಡ, ಅಳತೆ ಪಟ್ಟಿಯೊಂದು ಸಾಕು. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ಚಿಪ್ ಜೋಡಿಸಿ ವಿಳಂಬವನ್ನು ಅಂಕಿಗಳಲ್ಲಿ ಕೊಡುವವರೂ ಇದ್ದಾರೆ. ನನಗೇನೋ ಮೈಕನ್ನು ನೆಲದ ಮೇಲೆ ಹಿಂದೆ ಮುಂದೆ ಸರಿಸುವ ವಿಧಾನವೇ ಹೆಚ್ಚು ಇಷ್ಟ, ಕಾಲ ಇಲ್ಲಿ ದೂರವಾಗಿ ಕಣ್ಣಿಗೇ ಕಾಣುತ್ತದೆ.

ಏನನ್ನು ಒಡೆಯಬೇಕು? ಹೊಸಬರಿಗೆ ನಾನು ಹಪ್ಪಳವನ್ನೇ ಸೂಚಿಸುತ್ತೇನೆ. ಸುಟ್ಟ ಉದ್ದಿನ ಹಪ್ಪಳದ ಮೇಲೆ ಗೋಲಿಯೊಂದನ್ನು ಬೀಳಿಸಿದರೆ ಚೂರುಗಳು ಚೆನ್ನಾಗಿ ಹಾರುತ್ತವೆ, ಯಾರ ಕಾಲಿಗೂ ಚುಚ್ಚುವುದಿಲ್ಲ. ಹೋಳಿ ಹಬ್ಬಕ್ಕೆ ಮುಂಚೆ ಗಲ್ಲಿಗಲ್ಲಿಯಲ್ಲಿ ಮಾರುವ ನೀರಿನ ಬಲೂನು ಇನ್ನೂ ಚೆನ್ನ. ಸೂಜಿ ತಾಗಿದೊಡನೆ ರಬ್ಬರು ಹರಿದು ಹಿಂದಕ್ಕೆ ಸೆಳೆದುಕೊಳ್ಳುತ್ತದೆ, ಆದರೆ ಐದು ಮಿಲಿಸೆಕೆಂಡಿನಲ್ಲಿ ಗುರುತ್ವ ನೀರನ್ನು ಕೆಳಗಿಳಿಸುವುದು ಮಿಲಿಮೀಟರಿನ ಎಂಟನೆಯ ಒಂದು ಭಾಗ ಮಾತ್ರ. ಹೀಗಾಗಿ ಬಲೂನಿಲ್ಲದ ನೀರು ಬಲೂನಿನ ಆಕಾರದಲ್ಲೇ ಗಾಳಿಯಲ್ಲಿ ನಿಂತಿರುವುದು ಕಾಣುತ್ತದೆ, ಮೇಲ್ಮೈ ಮಾತ್ರ ರಬ್ಬರು ಉಜ್ಜಿಹೋದ ಕಡೆ ಸಣ್ಣಗೆ ಸುಕ್ಕಾಗಿರುತ್ತದೆ. ಧಾರಾವಿಯ ಕುಂಭಾರವಾಡದ ಸಣ್ಣ ಮಣ್ಣಿನ ಕುಡಿಕೆಗಳು ದೊಡ್ಡ ದೊಡ್ಡ ಓಡುಗಳಾಗಿ ಒಡೆದು ಧೂಳೆಬ್ಬಿಸುತ್ತವೆ. ಟ್ಯೂಬ್‌ಲೈಟಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯಲೇಕೂಡದು.

ಗಾಜಿಗೆ ಬಂದರೆ ಕಟಿಂಗ್ ಚಹಾದ, ಅಂದರೆ ಅರ್ಧ ಕಪ್ ಚಹಾದ, ಗೀರುಗಳುಳ್ಳ ಲೋಟ ಒಳ್ಳೆಯ ವಸ್ತು. ಕಣ್ಣಿಗೆ ರಕ್ಷಣಾ ಕನ್ನಡಕ, ಕಾಲಿಗೆ ಬೂಟು, ನೆಲಕ್ಕೆ ದಪ್ಪ ತಾಡಪಾಲು ಇರಬೇಕು; ಮಕ್ಕಳು ಬೇರೆ ಕೋಣೆಯಲ್ಲಿರಬೇಕು. ಕೆಳಗಿನ ಮಹಡಿಯವರಿಗೆ ಮುಂಚೆಯೇ ಒಂದು ಮಾತು ಹೇಳಿಡುವುದೂ ಒಳ್ಳೆಯದು. ತಾಡಪಾಲಿನ ಮೇಲಿಟ್ಟ ಕಲ್ಲಿನ ಚಪ್ಪಡಿಗೆ ಚಹಾ ತುಂಬಿದ ಲೋಟ ಬಿದ್ದ ಚಿತ್ರದಲ್ಲಿ, ದಪ್ಪನೆಯ ತಳ ಹೆಚ್ಚಾಗಿ ಇಡಿಯಾಗಿ ಉಳಿದಿರುತ್ತದೆ. ಅದರ ಮೇಲೆ ಚಹಾ ಇನ್ನೂ ಲೋಟದ ಅಚ್ಚಿನಲ್ಲೇ ನಿಂತಿದ್ದು, ಸುತ್ತ ಗಾಜಿನ ಉದ್ದನೆಯ ಚೂರುಗಳು ಹೊರಕ್ಕೆ ಬಾಗಿರುತ್ತವೆ.

ಇಂಥ ಚಿತ್ರವನ್ನು ನೋಡಿದವರು ಗಾಜು ಒಡೆಯುವುದನ್ನೇ ಕಂಡೆವೆಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಸಾಮಾನ್ಯ ಗಾಜಿನಲ್ಲಿ ಬಿರುಕು ಸೆಕೆಂಡಿಗೆ ಸುಮಾರು 1500 ಮೀಟರ್‌ವರೆಗೆ ವೇಗ ಪಡೆಯುತ್ತದೆ, ಅಂದರೆ ಗಾಳಿಯಲ್ಲಿ ಸದ್ದು ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎಂಟು ಹತ್ತು ಸೆಂಟಿಮೀಟರ್ ಎತ್ತರದ ಲೋಟವನ್ನು ಪೂರ್ಣ ವೇಗದ ಬಿರುಕು ದಾಟಲು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಡ. ಒಂದು ಗೇಣು ದೂರದ ಮೈಕಿಗೆ ಸದ್ದು ಮುಟ್ಟುವ ಮೊದಲೇ ಮುಖ್ಯ ಬಿರುಕುಗಳು ಓಡಿ ಮುಗಿದಿರುತ್ತವೆ. ಮೈಕನ್ನು ಗಾಜಿಗೇ ಅಂಟಿಸಿದರೂ 1/20,000 ಸೆಕೆಂಡಿನ ಮಿಂಚು ಉರಿದು ಆರುವಷ್ಟರಲ್ಲಿ ಬಿರುಕಿನ ತುದಿ 75 ಮಿಲಿಮೀಟರ್ ಸಾಗಿರುತ್ತದೆ. ಅದನ್ನು ಮಸುಕಿಲ್ಲದೆ ಹಿಡಿಯಲು ಮೈಕ್ರೊಸೆಕೆಂಡಿಗಿಂತ ಚಿಕ್ಕ ಕಿಡಿ ಬೇಕು. ಮನೆಯ ಏರ್ಪಾಟು ತೋರಿಸುವುದು ಒಡೆದ ಚೂರುಗಳು ಬೇರೆಯಾಗುವ ಬಗೆಯನ್ನು. ಒಡೆಯುವಿಕೆ ಅದಕ್ಕೂ ಮೊದಲೇ ಆಗಿಹೋಗಿರುತ್ತದೆ.

ಆದರೆ ಬಿರುಕಿನ ಓಟ ಗಾಜಿನಲ್ಲೇ ದಾಖಲಾಗಿರುತ್ತದೆ. ದಪ್ಪ ಕೈಗವಸು ತೊಟ್ಟು ತಳದ ಹತ್ತಿರದ ದೊಡ್ಡ ಚೂರೊಂದನ್ನು ಎತ್ತಿ, ಒಡೆದ ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಬಿರುಕು ಹುಟ್ಟಿದ ಜಾಗದ ಸುತ್ತ ಅಂಚು ಕನ್ನಡಿಯಷ್ಟು ನುಣುಪಾಗಿರುತ್ತದೆ. ಅದರಾಚೆ ಉಸಿರು ತಾಗಿದಂಥ ಮಬ್ಬು ಪಟ್ಟಿ, ಅದನ್ನು ದಾಟಿದರೆ ಒರಟು ಏಣುಗಳು, ಕೊನೆಗೆ ಬಿರುಕು ಕವಲೊಡೆದ ಜಾಗ ಕಾಣುತ್ತವೆ. ಬಿರುಕು ವೇಗ ಹೆಚ್ಚಿಸಿಕೊಂಡು ತನ್ನ ಮಿತಿಯನ್ನು ಮುಟ್ಟಿದ ಕ್ರಮವೇ ಇದು. ಗಾಜಿನ ಮೇಲೆ ಬಿದ್ದ ಒತ್ತಡ ಹೆಚ್ಚಿದ್ದಷ್ಟೂ ನುಣುಪಾದ ಭಾಗ ಕಿರಿದಾಗುತ್ತದೆ, ಒತ್ತಡ ಎರಡು ಪಟ್ಟಾದರೆ ಅದರ ತ್ರಿಜ್ಯ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾಜಿನ ಅಪಘಾತಗಳನ್ನು ಪರೀಕ್ಷಿಸುವ ತಜ್ಞರು ಈ ಭಾಗವನ್ನು ಅಳೆದೇ, ವಸ್ತು ಒಡೆದಾಗ ಅದರ ಮೇಲಿದ್ದ ಒತ್ತಡವನ್ನು ಲೆಕ್ಕ ಹಾಕುತ್ತಾರೆ.