ಕಡಲ ಬದಿಗೆ ಯಾವ ಬೋಲ್ಟ್? ಗಟ್ಟಿತನ, ತುಕ್ಕು, ಬೆಲೆಯ ಲೆಕ್ಕ

ಬೋಲ್ಟ್ ಆರಿಸುವ ಪ್ರಶ್ನೆ ಬಂದರೆ ನಾವೆಲ್ಲ ಮೊದಲು ಗಟ್ಟಿತನವನ್ನೇ ನೋಡುತ್ತೇವೆ, ಅಲ್ವಾ? ಕಾಸರಗೋಡಿನಲ್ಲಿ ಅದಕ್ಕೂ ಮೊದಲು ಜಾಗ ನೋಡಬೇಕು. ಒಳನಾಡಿನ ಬದಿಯಡ್ಕದ ಅಡಿಕೆ ಅಂಗಳದ ಶೀಟಿಗೆ ಮಳೆಯ ಕಾಟ ಮಾತ್ರ. ಮಂಜೇಶ್ವರದ ಬಂದರಿನಲ್ಲಿ ಮಳೆಯ ಜೊತೆ ಉಪ್ಪುಗಾಳಿಯೂ ಇದೆ.

ಗಟ್ಟಿತನ ಬೋಲ್ಟಿನ ತಲೆಯ ಮೇಲೇ ಬರೆದಿರುತ್ತದೆ. 8.8 ಎಂದಿದ್ದರೆ, ಮೊದಲ 8 ಅಂದರೆ ತುಂಡಾಗಲು ಚದರ ಮಿಲಿಮೀಟರಿಗೆ ಕನಿಷ್ಠ 800 ನ್ಯೂಟನ್ ಎಳೆತ ಬೇಕು. ಚುಕ್ಕಿಯ ನಂತರದ 8 ಅಂದರೆ ಅದರ 80%. 640 ದಾಟಿದರೆ ಬೋಲ್ಟ್ ಶಾಶ್ವತವಾಗಿ ಉದ್ದವಾಗುತ್ತದೆ. 10 ಮಿ.ಮೀ. ಬೋಲ್ಟಿನ ಮರೆಯ (ತಿರುಪಿನ ಗೆರೆಗಳ) ಜಾಗದಲ್ಲಿ ಎಳೆತ ತಾಳುವ ವಿಸ್ತೀರ್ಣ 58 ಚದರ ಮಿ.ಮೀ. ಇದನ್ನು 640ರಿಂದ ಗುಣಿಸಿದರೆ ಸುಮಾರು 37,000 ನ್ಯೂಟನ್, ಹೆಚ್ಚುಕಡಿಮೆ 3.8 ಟನ್ ಭಾರ. ಅಗ್ಗದ 4.6 ಬೋಲ್ಟಿಗೆ ಇದು 1.4 ಟನ್. ಸ್ಟೇನ್‌ಲೆಸ್ ಸ್ಟೀಲಿನ ಎ2-70 (304 ಎಂಬ ಸಾಮಾನ್ಯ ದರ್ಜೆ) ಬೋಲ್ಟಿಗೆ 2.7 ಟನ್. ದುಬಾರಿ ಸ್ಟೇನ್‌ಲೆಸ್ 8.8ಕ್ಕಿಂತ ಮೆತ್ತಗೆ! ಇದನ್ನು ನೆನಪಿಡಿ, ತುಂಬಾ ಜನ ತಪ್ಪುವುದು ಇಲ್ಲೇ.

ತುಕ್ಕಿನ ವಿಷಯದಲ್ಲಿ ಸತುವಿನ ಪದರದ ದಪ್ಪವೇ ಮುಖ್ಯ. ಹೊಳೆಯುವ ಜಿಂಕ್ ಪ್ಲೇಟಿಂಗ್ 5ರಿಂದ 10 ಮೈಕ್ರಾನ್ (ಮಿ.ಮೀ.ಯ ಸಾವಿರದ ಒಂದು ಭಾಗ) ಅಷ್ಟೇ, ಒಳಾಂಗಣಕ್ಕೆ ಸಾಕು. ಕರಗಿದ ಸತುವಿನಲ್ಲಿ ಅದ್ದಿದ ಜಿಐ ಬೋಲ್ಟಿಗೆ ಸುಮಾರು 50 ಮೈಕ್ರಾನ್. ಬದಿಯಡ್ಕಕ್ಕೆ ನಾನು ಆರಿಸುವುದು ಇದನ್ನೇ. ಪದರ ದಪ್ಪ ಇರುವುದರಿಂದ ಸಾಮಾನ್ಯ ನಟ್ ಹತ್ತುವುದಿಲ್ಲ, ಮರೆ ಸಡಿಲ ಮಾಡಿದ ಜಿಐ ನಟ್ಟೇ ಬೇಕು. 12.9ರಂಥ ತೀರಾ ಗಟ್ಟಿ ಬೋಲ್ಟಿಗೆ ಪ್ಲೇಟಿಂಗ್ ಅಪಾಯ: ಆ ಕೆಲಸದಲ್ಲಿ ಹೈಡ್ರೋಜನ್ ಒಳಸೇರಿ, ಬಿಗಿದ ಮೇಲೆ ಬೋಲ್ಟ್ ಥಟ್ಟನೆ ಮುರಿಯಬಹುದು.

ಕಡಲ ಬದಿಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಲದು. ಉಪ್ಪಿನ ಕ್ಲೋರೈಡ್ ಅದರಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. 316 ದರ್ಜೆಯಲ್ಲಿ ಸುಮಾರು 2% ಮಾಲಿಬ್ಡಿನಮ್ ಎಂಬ ಲೋಹ ಇದೆ, ಅದು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಬೋಲ್ಟಿನ ತಲೆಯಲ್ಲಿ ಎ4 ಎಂಬ ಗುರುತು ನೋಡಿ, ಅದೇ 316. ಸುಮ್ನೆ ಅಯಸ್ಕಾಂತ ಹಿಡಿದು ತೀರ್ಮಾನಿಸಬೇಡಿ, ಒಳ್ಳೆಯ ಸ್ಟೇನ್‌ಲೆಸ್ ಬೋಲ್ಟ್ ಕೂಡ ಸ್ವಲ್ಪ ಅಂಟುತ್ತದೆ.

ಎರಡು ಲೋಹ ಸೇರಿದಾಗ ಯಾವುದು ದೊಡ್ಡದು ನೋಡಿ. ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಸಣ್ಣ ಕಬ್ಬಿಣದ ಬೋಲ್ಟ್ ಹಾಕಿದರೆ ಬೋಲ್ಟೇ ಬೇಗ ಸವೆಯುತ್ತದೆ. ಇದನ್ನೇ ತಿರುಗುಮುರುಗು ಮಾಡಿದರೆ ಅಷ್ಟು ತೊಂದರೆಯಿಲ್ಲ.

ಬೆಲೆ ಹೇಳುವಾಗ ಬೋಲ್ಟಿನ ಬೆಲೆ ಮಾತ್ರ ಬರೆಯಬೇಡಿ. ಮಳೆಗಾಲದಲ್ಲಿ ಛಾವಣಿ ಹತ್ತಿ ತುಕ್ಕು ಹಿಡಿದದ್ದನ್ನು ಕತ್ತರಿಸಿ ತೆಗೆಯುವ ಕೂಲಿಯನ್ನೂ ಸೇರಿಸಿ. ಹಾಗೆ ನೋಡಿದರೆ ಬಂದರಿನ ಕೆಲಸಕ್ಕೆ 316 ಜಾಸ್ತಿ ಅನ್ನಿಸುವುದಿಲ್ಲ. ಬಿಗಿಯುವ ಮೊದಲು ಮರೆಗೆ ಆಂಟಿಸೀಜ್ ಗ್ರೀಸ್ ಹಚ್ಚಿ, ನಿಧಾನವಾಗಿ ತಿರುಗಿಸಿ. ಸ್ಟೇನ್‌ಲೆಸ್ ನಟ್ ಒಮ್ಮೆ ಕಚ್ಚಿಕೊಂಡರೆ ಕತ್ತರಿಸಿಯೇ ತೆಗೆಯಬೇಕು.